ಏಳನೆಯವರು ಬೇಕಾಗಿದ್ದಾರೆ

ಶೀತ ಆದರೆ ಮುಂಬೈ ಕನ್ನಡಿಗ ಮೊದಲು ಒಂದು ಸಂಘ ಕಟ್ಟುತ್ತಾನೆ, ಕಷಾಯ ಆಮೇಲೆ ಕುಡಿಯುತ್ತಾನೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳ ಮಾತನ್ನು ನಾನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಇದೊಂದನ್ನು ಒಪ್ಪಲೇಬೇಕು, ಏಕೆಂದರೆ ನಾನೇ ನಾಲ್ಕು ಸಂಘಗಳ ಆಜೀವ ಸದಸ್ಯ. ಒಂದು ಜಾತಿಯದು, ಒಂದು ಊರಿನದು, ಒಂದು ಯಕ್ಷಗಾನದ್ದು. ನಾಲ್ಕನೆಯದು ಯಾವುದರದ್ದು ಎಂಬುದು ಮರೆತೇ ಹೋಗಿದೆ. ವರ್ಷಕ್ಕೊಮ್ಮೆ ಅರಸಿನ ಕುಂಕುಮಕ್ಕೆ ಕರೆ ಬರುತ್ತದೆ, ಹೆಂಡತಿ ಹೋಗಿ ಒಂದು ಸ್ಟೀಲ್ ಡಬ್ಬಿ ತರುತ್ತಾಳೆ. ಅಷ್ಟರ ಮಟ್ಟಿಗೆ ಆ ಸಂಘ ಉಳಿದ ಮೂರಕ್ಕಿಂತ ಪ್ರಯೋಜನಕಾರಿ.

ಇದು ಇಂದು ನಿನ್ನೆಯ ಚಾಳಿಯಲ್ಲ. ಮಾಟುಂಗದ ಮೈಸೂರು ಅಸೋಸಿಯೇಶನ್ ಹುಟ್ಟಿದ್ದು 1926ರಲ್ಲಿ. ಮಾಹಿಮದ ಕರ್ನಾಟಕ ಸಂಘ 1933ರದ್ದು. ಆಗ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ, ಸಂಘ ಇತ್ತು. ಬಂಟರದ್ದು, ಬಿಲ್ಲವರದ್ದು, ಮೊಗವೀರರದ್ದು ಎಂದು ಎಣಿಸುತ್ತ ಹೋದರೆ ಚರ್ಚ್‌ಗೇಟಿನಿಂದ ವಿರಾರಿನವರೆಗೆ ಒಂದೊಂದು ಸ್ಟೇಷನ್ನಿಗೂ ಒಂದೊಂದು ಹಂಚಿ, ಮಿಕ್ಕಿದ್ದನ್ನು ಸೆಂಟ್ರಲ್ ಲೈನಿಗೆ ಕಳಿಸಬಹುದು. ಇವುಗಳಲ್ಲಿ ಎಷ್ಟೋ ಸಂಘಗಳು ರಾತ್ರಿ ಶಾಲೆ ನಡೆಸಿದವು, ಹಾಸ್ಟೆಲ್ ಕಟ್ಟಿದವು, ಹಗಲು ಹೋಟೆಲಿನಲ್ಲಿ ಗ್ಲಾಸು ತೊಳೆದ ಹುಡುಗರನ್ನು ರಾತ್ರಿ ಮ್ಯಾಟ್ರಿಕ್ ಪಾಸು ಮಾಡಿಸಿದವು. ಅದನ್ನು ಗೇಲಿ ಮಾಡುವ ಯೋಗ್ಯತೆ ನನಗಿಲ್ಲ. ನಾನು ಗೇಲಿ ಮಾಡಹೊರಟಿರುವುದು ನನ್ನನ್ನೇ. ಇಷ್ಟೆಲ್ಲ ಇದ್ದೂ, ಐವತ್ತಾರನೆಯ ವಯಸ್ಸಿಗೆ, ಡೊಂಬಿವಲಿಯ ಒಂದು ಭಾನುವಾರ ಮಧ್ಯಾಹ್ನ, ಮೀನು ಸಾರಿನ ಅನ್ನ ಉಂಡ ಕೈ ಒಣಗುವ ಮೊದಲೇ, "ಯಶವಂತ ಚಿತ್ತಾಲರ ಓದುಗರದ್ದೊಂದು ಸಂಘ ಮಾಡಬೇಕು" ಎಂದು ಘೋಷಿಸಿಬಿಟ್ಟೆ.

"ಮತ್ತೊಂದಾ?" ಎಂದಳು. ಅಷ್ಟೇ. ಪಾತ್ರೆ ತೊಳೆಯುವ ಸದ್ದು ಮಾತ್ರ ಸ್ವಲ್ಪ ಜೋರಾಯಿತು.

ಚಿತ್ತಾಲರೇ ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ತಯಾರಿತ್ತು. ಕುಮಟಾ ತಾಲೂಕಿನ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಈ ಮನುಷ್ಯ ಮುಂಬೈಗೆ ಬಂದು ರಸಾಯನ ವಿಜ್ಞಾನ ಕಲಿತು, ಬೇಕಲೈಟ್ ಹೈಲಮ್ ಕಂಪನಿಯಲ್ಲಿ ರಾಳ, ಪ್ಲಾಸ್ಟಿಕ್‌ಗಳ ತಜ್ಞರಾಗಿ ದುಡಿದವರು. ಹಗಲೆಲ್ಲ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದ ವಸ್ತುವಿನ ಸಹವಾಸ, ಬಿಡುವಾದರೆ ಎಷ್ಟು ಗಟ್ಟಿಯಾದರೂ ಒಳಗೊಳಗೇ ಕರಗುತ್ತಿರುವ ಮನುಷ್ಯರ ಸಹವಾಸ. 1957ರಲ್ಲಿ ಮೊದಲ ಕಥಾಸಂಕಲನ 'ಸಂದರ್ಶನ', 1964ರಲ್ಲಿ 'ಮೂರು ದಾರಿಗಳು', 1979ರಲ್ಲಿ 'ಶಿಕಾರಿ', 'ಕತೆಯಾದಳು ಹುಡುಗಿ'ಗೆ 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಒಂದು ಕತೆ ಹನೇಹಳ್ಳಿಯಲ್ಲಿ ನಡೆದರೆ ಇನ್ನೊಂದು ಮುಂಬೈಯಲ್ಲಿ. ನಮ್ಮಂಥವರ ಬಾಳೂ ಹಾಗೆಯೇ ಅಲ್ಲವೇ? ದೇಹ ಡೊಂಬಿವಲಿಯ ಎರಡನೆಯ ಮಾಳಿಗೆಯಲ್ಲಿ, ಮಳೆ ಬಂದಾಗ ಕಿವಿ ಮಾತ್ರ ಊರಿನ ಹಂಚಿನ ಮೇಲೆ.

ಈ ಉತ್ತರವನ್ನು ಪೂರ್ತಿ ಕೇಳಿಸಿಕೊಂಡವರು ಇದುವರೆಗೆ ಯಾರೂ ಇಲ್ಲ. "ನೀವು ಕುಮಟೆ ಕಡೆಯವರು, ಅದಕ್ಕೇ ಚಿತ್ತಾಲ" ಎಂದು ಮೂರನೆಯ ವಾಕ್ಯಕ್ಕೇ ತೀರ್ಪು ಬಂದುಬಿಡುತ್ತದೆ.

ಮೊದಲ ಸಭೆ ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ. ಸಾಹಿತ್ಯ ಚರ್ಚೆಗೆ ಮಾಟುಂಗದ ಹೋಟೆಲು ಆರಿಸಿಕೊಳ್ಳುವವನು ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋಗಿಲ್ಲದವನೇ ಆಗಿರಬೇಕು. ನಾವು ಕೂತಿದ್ದ ಕುರ್ಚಿಯ ಬೆನ್ನು ಹಿಡಿದು ಒಂದು ಗುಜರಾತಿ ಕುಟುಂಬ ನಿಂತಿತ್ತು. ಅಜ್ಜಿಯಿಂದ ಹಿಡಿದು ಮೊಮ್ಮಗುವಿನವರೆಗೆ ಎಲ್ಲರ ಕಣ್ಣೂ ನಮ್ಮ ತಟ್ಟೆಯ ಮೇಲೆ. ಆಧುನಿಕ ಮನುಷ್ಯನ ಅಸ್ತಿತ್ವದ ಆತಂಕ ಎಂದು ನಾನು ಬಾಯಿ ತೆರೆದಾಗ ಆ ಅಜ್ಜಿ "ಹೋ ಗಯಾ ಭಾಯ್?" ಎಂದು ಕೇಳಿದರು. ಆತಂಕ ಎಂದರೇನು ಎಂಬುದು ಅಲ್ಲಿದ್ದವರಿಗೆಲ್ಲ ತಕ್ಷಣ ಅರ್ಥವಾಯಿತು.

ಬಂದವರು ಐವರು, ನನ್ನನ್ನೂ ಸೇರಿಸಿ. ಮುಲುಂಡಿನಲ್ಲಿ ಹೋಟೆಲಿಟ್ಟಿರುವ ಉಡುಪಿ ಕಡೆಯ ಅಣ್ಣ ಒಬ್ಬರು. ಅವರನ್ನು ಎಲ್ಲರೂ ಅಣ್ಣ ಎಂದೇ ಕರೆಯುವುದು, ಅವರಿಗಿಂತ ಹಿರಿಯರು ಕೂಡ. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದ ಧಾರವಾಡದ ಮಾಸ್ತರರು. ಬ್ಯಾಂಕಿನಿಂದ ನಿವೃತ್ತರಾಗಿಯೂ ಜೇಬಿನಲ್ಲಿ ಎರಡು ಪೆನ್ನು ಇಟ್ಟುಕೊಳ್ಳುವ ಮ್ಯಾನೇಜರು. ಮತ್ತೆ ಥಾಣೆಯಿಂದ ಒಬ್ಬ ಭಾವ, ಯಾರ ಭಾವ ಎಂಬುದು ಇನ್ನೂ ಪತ್ತೆಯಾಗಿಲ್ಲ, ಎಲ್ಲ ಕಾರ್ಯಕ್ರಮಕ್ಕೂ ಬರುತ್ತಾರೆ.

ಮೊದಲ ಪ್ರಶ್ನೆ ಹೆಸರು. ನಾನು 'ಓದುಗರ ಬಳಗ' ಎಂದೆ. ಬಳಗ ಎಂದರೆ ನೆಂಟರ ಹಾಗೆ ಕೇಳುತ್ತದೆ, ಮದುವೆಗೆಲ್ಲ ಕರೆಯಬೇಕಾಗುತ್ತದೆ ಎಂದರು ಮ್ಯಾನೇಜರು. 'ವೇದಿಕೆ' ಎಂದರೆ ಹೋರಾಟ ಮಾಡಬೇಕು. 'ಪ್ರತಿಷ್ಠಾನ' ಎಂದರೆ ಸರಕಾರದ ದುಡ್ಡು ಬೇಕು, ಒಂದು ಪ್ರತಿಮೆಯೂ ಬೇಕು. 'ಕೂಟ' ಎಂದರೆ ಒಳಗೊಳಗೇ ಏನೋ ನಡೆಸುತ್ತಿದ್ದಾರೆ ಎಂಬ ಸಂಶಯ. ಭಾವ 'ಅಭಿಮಾನಿಗಳ ಸಂಘ' ಎಂದು ಸೂಚಿಸಿದರು. ಮಾಸ್ತರರು ತಲೆಯ ಮೇಲೆ ಕೈಯಿಟ್ಟುಕೊಂಡರು. "ಏ, ಅದು ರಾಜಕುಮಾರಗ ಇರೋದ್ರಿ! ಅವ್ರು ಅಭಿಮಾನಿಗಳನ್ನ ದೇವ್ರು ಅಂದ್ರು, ಆತು. ಚಿತ್ತಾಲರು ನಮ್ಮನ್ನ ದೇವ್ರು ಅಂತಾರೇನ್ರಿ? ಓದೇರಿ ಇಲ್ಲೋ ಅಂತ ಕೇಳ್ತಿದ್ರು." ಮಾಸ್ತರರ ಮಾತಿನಲ್ಲಿ ಹುರುಳಿತ್ತು. ಕನ್ನಡದಲ್ಲಿ ನಟನಿಗೆ ಅಭಿಮಾನಿಗಳಿದ್ದಾರೆ, ಸ್ವಾಮಿಗಳಿಗೆ ಭಕ್ತರಿದ್ದಾರೆ, ಪುಢಾರಿಗೆ ಬೆಂಬಲಿಗರಿದ್ದಾರೆ. ಲೇಖಕನಿಗೆ ಇರುವುದು ಓದುಗರು ಮಾತ್ರ. ಅವರು ಒಟ್ಟು ಸೇರಿದರೆ ಏನೆಂದು ಕರೆಯಬೇಕು ಎಂಬ ಪ್ರಸಂಗವೇ ಬಂದಿಲ್ಲ. ಹೆಸರು ಅಂದು ತೀರ್ಮಾನವಾಗಲಿಲ್ಲ. ಇಂದಿಗೂ ಆಗಿಲ್ಲ. ಹಾಗಾಗಿ ಈ ಬರಹದಲ್ಲಿ ಅದನ್ನು 'ಅದು' ಎಂದೇ ಕರೆಯುತ್ತೇನೆ.

ಎರಡನೆಯ ಪ್ರಶ್ನೆ, ಚಿತ್ತಾಲರೇ ಆಗಬೇಕೆ? ಇದನ್ನು ಎತ್ತಿದವರು ಮ್ಯಾನೇಜರು. ಅವರು ಉಡುಪಿಯವರು, ವ್ಯಾಸರಾಯ ಬಲ್ಲಾಳರೂ ಉಡುಪಿಯವರು. "ಬಲ್ಲಾಳರು ಮುಂಬೈಯವರಲ್ಲವಾ? 'ಬಂಡಾಯ'ಕ್ಕೆ 1986ರಲ್ಲಿ ಅಕಾಡೆಮಿ ಪ್ರಶಸ್ತಿ ಬಂದದ್ದು ಕಡಿಮೆಯಾ?" ಕಡಿಮೆಯೇನಲ್ಲ. ಅಣ್ಣನಿಗೆ ಲೆಕ್ಕಾಚಾರ ಬೇರೆ. "ಕಾಯ್ಕಿಣಿಯವರ ಹೆಸರಲ್ಲಿ ಮಾಡಿದರೆ ಹಾಲ್ ತುಂಬ್ತದೆ ಮಾರಾಯ್ರೆ. ಹುಡುಗರು ಬರ್ತಾರೆ. 'ಮುಂಗಾರು ಮಳೆ' ಹಾಡು ಹಾಡಿಸಬಹುದು." ಗೋಕರ್ಣದಿಂದ ಬಂದು ಮುಂಬೈಯಲ್ಲಿ ಔಷಧ ಕಂಪನಿಯ ಕೆಲಸ ಮಾಡುತ್ತ ಇಲ್ಲಿಯ ಚಾಳು, ಸಿನೆಮಾ ಥಿಯೇಟರು, ಇರಾನಿ ಹೋಟೆಲುಗಳನ್ನೆಲ್ಲ ಕತೆಗೆ ತಂದ ಜಯಂತ ಕಾಯ್ಕಿಣಿ ಹಾಡಿನಿಂದಲೇ ಹಾಲ್ ತುಂಬಿಸಬೇಕಾಗಿಲ್ಲ. ಆ ಮುಂಬೈ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2018ರ ಡಿ.ಎಸ್.ಸಿ. ಪ್ರಶಸ್ತಿ ಬಂದಾಗ ನಾವೆಲ್ಲ ನಮಗೇ ಬಂದಂತೆ ಪೇಢಾ ಹಂಚಿದ್ದೇವೆ. ಆದರೆ ಅವರು ಇದ್ದಾರೆ, ಬೆಂಗಳೂರಲ್ಲಿ ಆರಾಮವಾಗಿ ಬರೆದುಕೊಂಡಿದ್ದಾರೆ. ಬದುಕಿರುವ ಲೇಖಕನ ಹೆಸರಲ್ಲಿ ಸಂಘ ಮಾಡಿ, ಆ ಲೇಖಕನೇ ಒಂದು ದಿನ ಬಂದು ಹಿಂದಿನ ಸಾಲಲ್ಲಿ ಕೂತು ನಮ್ಮ ವಿಮರ್ಶೆ ಕೇಳಿಸಿಕೊಂಡರೆ?

ಇದು ನನ್ನ ಕಲ್ಪನೆಯ ಭಯವಲ್ಲ. ಲಂಡನ್ನಿನಲ್ಲಿ 1881ರಲ್ಲಿ ಇಂಥದೊಂದು ಆಗಿಯೇ ಹೋಗಿದೆ. ಕವಿ ರಾಬರ್ಟ್ ಬ್ರೌನಿಂಗ್‌ಗೆ ಆಗ ಅರವತ್ತೊಂಬತ್ತು, ಗಟ್ಟಿಮುಟ್ಟಾಗಿದ್ದ. ಅವನ ಕವಿತೆ ಅರ್ಥವಾಗುವುದಿಲ್ಲ, ಆದ್ದರಿಂದ ಸೇರಿ ಅರ್ಥ ಮಾಡಿಕೊಳ್ಳೋಣ ಎಂದು ಬ್ರೌನಿಂಗ್ ಸೊಸೈಟಿ ಹುಟ್ಟಿತು. ಅರ್ಥ ಹೇಳಬಲ್ಲ ಆಸಾಮಿ ಅದೇ ಊರಲ್ಲಿ ಊಟ ತಿಂಡಿ ಮಾಡಿಕೊಂಡು ಇದ್ದ! ಮುಂದೆ 1904ರಲ್ಲಿ ಮ್ಯಾಕ್ಸ್ ಬೀರ್‌ಬೋಮ್ ಒಂದು ವ್ಯಂಗ್ಯಚಿತ್ರ ಬರೆದ. ಸೊಸೈಟಿಯ ಗಂಭೀರ ಮುಖಗಳ ನಡುವೆ ಚಹಾ ಹಿಡಿದು ಕೂತ ಬ್ರೌನಿಂಗ್. ನಮ್ಮ ಕಡೆಯ ಸನ್ಮಾನದಲ್ಲಿ ಮೈಸೂರು ಪೇಟ ತೊಡಿಸಿಕೊಂಡು ನಾಲ್ಕನೆಯ ಭಾಷಣ ಕೇಳುತ್ತಿರುವ ಸಾಹಿತಿಯನ್ನು ನೋಡಿದವರಿಗೆ ಆ ಚಿತ್ರ ಬೇರೆ ನೋಡಬೇಕಿಲ್ಲ.

ಆ ಸೊಸೈಟಿ ಹುಟ್ಟುಹಾಕಿದ ಇಬ್ಬರಲ್ಲಿ ಒಬ್ಬ ಫರ್ನಿವಲ್ ಎಂಬ ಮಹಾಶಯ. ಅವನ ಚರಿತ್ರೆ ಓದಿದಾಗ ಇವನು ತಪ್ಪಿ ಇಂಗ್ಲೆಂಡಿನಲ್ಲಿ ಹುಟ್ಟಿದ ಮುಂಬೈ ಕನ್ನಡಿಗ ಎಂದೇ ನನಗನಿಸಿತು. 1864ರಲ್ಲಿ ಹಳೆಯ ಇಂಗ್ಲಿಷ್ ಗ್ರಂಥಗಳಿಗೊಂದು ಸೊಸೈಟಿ. 1868ರಲ್ಲಿ ಚಾಸರ್‌ಗೊಂದು, ಅದೇ ವರ್ಷ ಲಾವಣಿಗಳಿಗೊಂದು. 1873ರಲ್ಲಿ ಶೇಕ್ಸ್‌ಪಿಯರ್‌ಗೆ, 1881ರಲ್ಲಿ ಬ್ರೌನಿಂಗ್‌ಗೆ, ಮರುವರ್ಷ ವಿಕ್ಲಿಫ್‌ಗೆ, 1886ರಲ್ಲಿ ಶೆಲ್ಲಿಗೆ. ಕವಿಗಳು ಮುಗಿದ ಮೇಲೆ 1896ರಲ್ಲಿ, ಎಪ್ಪತ್ತು ದಾಟಿದ ಅಜ್ಜ, ಚಹಾದಂಗಡಿಯಲ್ಲಿ ಬಡಿಸುವ ಹುಡುಗಿಯರನ್ನೆಲ್ಲ ಕಟ್ಟಿಕೊಂಡು ಅವರಿಗೊಂದು ದೋಣಿ ನಡೆಸುವ ಕ್ಲಬ್ ಮಾಡಿದ. ಇದನ್ನು ಮುಲುಂಡಿನ ಅಣ್ಣನಿಗೆ ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ಆ ಹೊತ್ತಿಗೆ ಗಿರಾಕಿಗಳಿಗೆ ಚಾ ಕೊಡ್ತಿದ್ದದ್ದು ಯಾರು?" ಎಂದು ಕೇಳಿದರು.

ಅಂತೂ ಚಿತ್ತಾಲರೇ ಎಂದಾಯಿತು. 2014ರಲ್ಲಿ ತೀರಿಕೊಂಡಿದ್ದಾರೆ, ಬಂದು ಕೂರುವ ಭಯವಿಲ್ಲ. ಇದೇ ಕಾರಣಕ್ಕೆ ಮಾತ್ರ ಎಲ್ಲರೂ ಒಪ್ಪಿದ್ದು ಎಂಬುದನ್ನು ನಾನು ಯಾವ ಠರಾವಿನಲ್ಲೂ ಬರೆಯಲಿಲ್ಲ.

ಆಮೇಲೆ ಸಿ.ಎ. ಹತ್ತಿರ ಹೋದದ್ದು ನನ್ನ ತಪ್ಪು. ನಮ್ಮ ಬಿಲ್ಡಿಂಗಿನ ಕೆಳಗಿನ ಮಾಳಿಗೆಯ ಮಾರವಾಡಿ ಸಿ.ಎ., ಒಳ್ಳೆಯ ಮನುಷ್ಯ. "ಆಬ್ಜೆಕ್ಟ್ ಕ್ಯಾ ಹೈ?" ಎಂದು ಕೇಳಿದರು. "ಪಢನಾ" ಎಂದೆ. "ಪಢನಾ ತೋ ಘರ್ ಮೇ ಭೀ ಹೋತಾ ಹೈ" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಅವರೇ ಕನಿಕರದಿಂದ ಕಾನೂನು ವಿವರಿಸಿದರು. ಸಂಘ ನೋಂದಾಯಿಸುವುದು 1860ರ ಕಾಯ್ದೆಯ ಕೆಳಗೆ. 1857ರ ದಂಗೆಯ ಹೊಗೆ ಆರಿ ಎರಡು ವರ್ಷವಾಗಿತ್ತೋ ಇಲ್ಲವೋ, ನಾಲ್ಕು ನೇಟಿವರು ಒಂದು ಕಡೆ ಸೇರಿದರೇ ಬೆವರುವ ಕಾಲ. ಅಂಥದರಲ್ಲಿ ಆ ಬ್ರಿಟಿಷರು ಕಾಯ್ದೆಯ ಹೆಸರಲ್ಲೇ ಮೊದಲು ಸಾಹಿತ್ಯ, ಆಮೇಲೆ ವಿಜ್ಞಾನ, ಕೊನೆಗೆ ದಾನಧರ್ಮ ಎಂದು ಇಟ್ಟಿದ್ದಾರೆ. ಸಾಹಿತ್ಯಕ್ಕೆ ಮೊದಲ ಸ್ಥಾನ ಸಿಕ್ಕಿದ್ದು ಅದೊಂದೇ ಕಡೆ ಎಂದು ಕಾಣುತ್ತದೆ. ಮಹಾರಾಷ್ಟ್ರದಲ್ಲಾದರೆ 1950ರ ಸಾರ್ವಜನಿಕ ಟ್ರಸ್ಟುಗಳ ಕಾಯ್ದೆಯೂ ತಗಲುತ್ತದೆ. ವರಳಿಯ ಧರ್ಮಾದಾಯ ಆಯುಕ್ತರ ಕಚೇರಿ, ವರ್ಷ ವರ್ಷ ಆಡಿಟ್ಟು, ಬದಲಾವಣೆಯಾದರೆ ವರದಿ. ಇದೆಲ್ಲ ನನಗೆ ಗಾಬರಿ ತರಲಿಲ್ಲ. ಗಾಬರಿಯಾದದ್ದು ಅವರ ಕೊನೆಯ ಮಾತಿಗೆ. "ಸಾತ್ ಆದ್ಮೀ ಚಾಹಿಯೇ. ಮಿನಿಮಮ್."

ಏಳು ಜನ!

ಮುಂಬೈಯಲ್ಲಿ ಏಳು ಜನ ಎಂದರೆ ಲೋಕಲ್ ಗಾಡಿಯ ಬಾಗಿಲಲ್ಲಿ ಒಂದು ಕಂಬ ಹಿಡಿದವರ ಸಂಖ್ಯೆ. ಜಾತಿ ಸಂಘಕ್ಕೆ ಏಳು ಸಾವಿರ ಸಿಗುತ್ತಾರೆ, ಯಕ್ಷಗಾನಕ್ಕೆ ಏಳುನೂರು. ಚಿತ್ತಾಲರ ಮನೆಯಲ್ಲಿ ಚಹಾ ಕುಡಿದಿದ್ದೇನೆ ಎನ್ನುವವರೂ ನೂರು ಮಂದಿ ಸಿಕ್ಕಾರು. ಆ ಮನೆಯಲ್ಲಿ ಅಷ್ಟು ಚಹಾ ಆಗಿದ್ದರೆ ಅವರು 'ಶಿಕಾರಿ' ಬರೆದದ್ದು ಯಾವಾಗ? ನನಗೆ ಬೇಕಾಗಿದ್ದವರು ಚಹಾ ಕುಡಿದವರಲ್ಲ, ಓದಿದವರು. ನಾವು ಐವರಿದ್ದೆವಲ್ಲ, ಇನ್ನಿಬ್ಬರು ಸಾಕು ಎಂದುಕೊಂಡೆ. ಆಮೇಲೆ ಈ ಐವರಾದರೂ ಓದಿದ್ದಾರೆಯೇ ಎಂದು ಒಂದು ಸಂಶಯ ಬಂತು. ಬರಬಾರದಿತ್ತು.

ಭಾವನನ್ನು ಮೊದಲು ಹಿಡಿದೆ. "ಓದಿದ್ದೇನಪ್ಪಾ, ಒಂದೂವರೆ ಕಾದಂಬರಿ" ಎಂದರು. ಅರ್ಧ 'ಕೇಂದ್ರ ವೃತ್ತಾಂತ'. ಮತ್ತೆ ಆ ಒಂದು? "'ಮೂರು ದಾರಿಗಳು'. ಗಿರೀಶ ಕಾಸರವಳ್ಳಿ 1981ರಲ್ಲಿ ಮಾಡಿದ್ದು, ನೋಡಿದ್ದೇನೆ." ನೋಡಿದ್ದನ್ನು ಓದಿದ್ದರ ಲೆಕ್ಕಕ್ಕೆ ಹಾಕಬಹುದೇ ಎಂದು ಮ್ಯಾನೇಜರನ್ನು ಕೇಳಿದೆ. ಅವರು ಎರಡನೆಯ ಪೆನ್ನು ತೆಗೆದು, "ಅರ್ಧಕ್ಕೆ ಹಿಡಿಯಿರಿ" ಎಂದರು. ಅವರದ್ದೇ ಲೆಕ್ಕ ಕೇಳಿದಾಗ, ಸಮಗ್ರ ಕಥೆಗಳು ಮನೆಯಲ್ಲಿವೆ ಎಂದರು. ಮನೆಯಲ್ಲಿರುವುದು ಬೇರೆ, ತಲೆಯಲ್ಲಿರುವುದು ಬೇರೆ ಎಂದು ಹೇಳುವಷ್ಟು ಸಲಿಗೆ ನಮ್ಮಲ್ಲಿಲ್ಲ. ಮಾಸ್ತರರು ಕತೆಗಳನ್ನೆಲ್ಲ ಓದಿದ್ದಾರೆ, ಆದರೆ ಪಾಠ ಮಾಡುವಂತೆ ಓದಿದ್ದಾರೆ. 'ಪುಟ್ಟನ ಹೆಜ್ಜೆ ಕಾಣೋದಿಲ್ಲ' ಎಂದು ಹೆಸರೆತ್ತಿದರೆ ಸಾಕು, "ಇದರ ಆಶಯವನ್ನು ನಿಮ್ಮ ಸ್ವಂತ ವಾಕ್ಯಗಳಲ್ಲಿ ಹೇಳ್ರಿ ನೋಡೋಣ" ಎಂದು ನನ್ನನ್ನೇ ಎಬ್ಬಿಸಿ ನಿಲ್ಲಿಸುತ್ತಾರೆ.

ಆಶ್ಚರ್ಯ ಕಾದಿದ್ದದ್ದು ಅಣ್ಣನಲ್ಲಿ. ಹಾಲು, ಮೈದಾ, ಗ್ಯಾಸ್ ಸಿಲಿಂಡರು ಬಿಟ್ಟರೆ ಬೇರೇನೂ ತಿಳಿಯದ ಮನುಷ್ಯ ಎಂದೇ ನಾನು ತಿಳಿದಿದ್ದೆ. ಅವರು ಎಂಬತ್ತರ ದಶಕದಲ್ಲಿ, ಇನ್ನೂ ಬೇರೊಬ್ಬರ ಹೋಟೆಲಿನಲ್ಲಿ ಕೆಲಸಕ್ಕಿದ್ದಾಗ, ಊರಿಂದ ಬರುವ ದಾರಿಯಲ್ಲಿ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ 'ಶಿಕಾರಿ' ಕೊಂಡಿದ್ದರಂತೆ. "ಹುಲಿ ಹೊಡಿಯೂ ಕತೆ ಅಂತ ತೆಗೊಂಡದ್ದು ಮಾರಾಯ್ರೆ! ಕೆನ್ನೆತ್ ಆಂಡರ್ಸನ್ ಹಾಗೆ ಇರಬಹುದು ಅಂತ. ನೂರು ಪುಟ ಆಯ್ತು, ಹುಲಿ ಬರೂದಿಲ್ಲ. ಇನ್ನೂರು ಆಯ್ತು, ಕಾಡೇ ಇಲ್ಲ." ಮತ್ತೆ? "ಮತ್ತೆಂತ? ಗೊತ್ತಾಯ್ತು, ಕಾಡು ಇದೇ ಅಂತ." ಆಪಾದನೆ ಹೊರಿಸಿ ಕಂಪನಿ ಸಸ್ಪೆಂಡ್ ಮಾಡಿದ ನಾಗಪ್ಪ, ತನ್ನನ್ನು ಯಾರು ಯಾಕೆ ಬೇಟೆಯಾಡುತ್ತಿದ್ದಾರೆ ಎಂದು ತಿಳಿಯದೆ ಮುಂಬೈಯಲ್ಲಿ ಕಂಗಾಲಾಗುವುದನ್ನು ಅಣ್ಣ ಗಲ್ಲೆಯ ಹಿಂದೆ ಕೂತು, ಚಿಲ್ಲರೆ ಎಣಿಸುತ್ತ, ಮೂರು ಸಲ ಓದಿದ್ದಾರೆ. ಪುಸ್ತಕಕ್ಕೆ ಸಾಂಬಾರಿನ ಕಲೆ ಇದೆ. ವಿಮರ್ಶಕರ ಮುದ್ರೆ ಬಿದ್ದ ಪ್ರತಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಸಾಂಬಾರಿನ ಮುದ್ರೆ ಬಿದ್ದದ್ದು ಇದೊಂದೇ.

ಆರನೆಯವಳಾಗಿ ಸಿಕ್ಕಿದ್ದು ಅಣ್ಣನ ತಂಗಿಯ ಮಗಳು. ಇಲ್ಲೇ ಹುಟ್ಟಿದವಳು, ಪೊವಾಯಿಯಲ್ಲಿ ಕೆಲಸ. ಮನೆಯಲ್ಲಿ ತುಳು, ಬೀದಿಯಲ್ಲಿ ಹಿಂದಿ, ಆಫೀಸಿನಲ್ಲಿ ಇಂಗ್ಲಿಷ್, ಸಿಟ್ಟು ಬಂದರೆ ಮರಾಠಿ. "ಅಂಕಲ್, ನಂಗೆ ಕನ್ನಡ ಮಾತಾಡ್ಲಿಕ್ಕೆ ಬರ್ತದೆ, ಓದ್ಲಿಕ್ಕೆ ಬರೂದಿಲ್ಲ. 'ಶಿಕಾರಿ' ಇಂಗ್ಲಿಷಲ್ಲಿ ಓದಿದ್ದೇನೆ. ಸದಸ್ಯೆ ಆಗ್ಬಹುದಾ?" ಕನ್ನಡ ಸಾಹಿತಿಯ ಸಂಘಕ್ಕೆ ಕನ್ನಡ ಓದಲಾರದವಳು! ಮಾಸ್ತರರು ನಖಶಿಖಾಂತ ಉರಿದರು. ಅವಳು ಅವರ ಉರಿ ಆರುವವರೆಗೆ ಕಾದು, ನಾಗಪ್ಪನಿಗೆ ಆಗುವುದೂ ತನ್ನ ಕಂಪನಿಯಲ್ಲಿ ಹೋದ ತಿಂಗಳು ಒಬ್ಬನಿಗೆ ಆದದ್ದೂ ಒಂದೇ, ಒಂದೇ ವ್ಯತ್ಯಾಸ ಎಂದರೆ ಇವನಿಗೆ ಅದು ಇಮೇಲಿನಲ್ಲಿ ಬಂತು ಎಂದಳು. ಮಾಸ್ತರರು ಕನ್ನಡಕ ಒರೆಸಿಕೊಂಡರು. "ವರ್ಣಮಾಲೆ ನಾ ಕಲಸ್ತೀನಿ. ಭಾನುವಾರ ಬಾ" ಎಂದರು. ಆರು.

ಏಳನೆಯವಳು ಮನೆಯಲ್ಲೇ ಇದ್ದಾಳಲ್ಲ ಎಂದು ಹೊಳೆದದ್ದು ಆಗ. ನಾನು 'ಛೇದ', 'ಪುರುಷೋತ್ತಮ' ಎಂದು ಹೆಸರು ಹೇಳುವಷ್ಟು ಹೊತ್ತಿಗೆ ನನ್ನ ಹೆಂಡತಿ ಅವುಗಳನ್ನು ಓದಿ ಮುಗಿಸಿ ಕಪಾಟಿಗೆ ಸೇರಿಸಿರುತ್ತಾಳೆ. ನಿಜ ಹೇಳಬೇಕೆಂದರೆ ನಮ್ಮ ಮನೆಗೆ ಚಿತ್ತಾಲರನ್ನು ತಂದವಳೇ ಅವಳು, ತವರಿನ ಟ್ರಂಕಿನಲ್ಲಿ, ಎರಡು ಸೀರೆಯ ನಡುವೆ. ಅರ್ಜಿ ಮುಂದಿಟ್ಟು ಸಹಿ ಹಾಕು ಎಂದೆ. "ನಾ ಬರೂದಿಲ್ಲ" ಎಂದಳು. ಯಾಕೆ? "ನಾನು ಓದ್ತೇನಲ್ಲ." ಅದಕ್ಕೇ ತಾನೇ ಕರೆಯುತ್ತಿರುವುದು! "ಸಂಘಕ್ಕೆ ಸೇರಿದ ಮೇಲೆ ಓದೂಕೆ ಹೊತ್ತೆಲ್ಲಿ? ನಿಮ್ಮನ್ನೇ ನೋಡಿ. ಮೂರು ತಿಂಗಳಾಯ್ತು, ಒಂದು ಪುಟ ಓದಿದ್ರಾ?"

ಓದಿರಲಿಲ್ಲ. ಲೆಟರ್‌ಹೆಡ್ಡಿನ ಪ್ರೂಫ್ ಓದಿದ್ದೆ.

ಇಷ್ಟಾದರೂ ಪದಾಧಿಕಾರಿಗಳ ಆಯ್ಕೆ ನಿಲ್ಲಲಿಲ್ಲ. ಅಧ್ಯಕ್ಷ, ಉಪಾಧ್ಯಕ್ಷ, ಗೌರವ ಕಾರ್ಯದರ್ಶಿ, ಜೊತೆ ಕಾರ್ಯದರ್ಶಿ, ಕೋಶಾಧಿಕಾರಿ, ಸಂಘಟನಾ ಕಾರ್ಯದರ್ಶಿ. ಆರು ಜನ, ಆರು ಹುದ್ದೆ. ಸದಸ್ಯ ಎಂಬ ಜಾಗ ಖಾಲಿ. ಲೋಕಲಿನಲ್ಲಿ ಮೂರು ಜನರ ಬೆಂಚಿನ ತುದಿಗೆ ಒಂದು ಪೃಷ್ಠ ಒಳಗೆ, ಒಂದು ಹೊರಗೆ ಇಟ್ಟು ಕೂರುವುದಕ್ಕೆ 'ಚೌಥಿ ಸೀಟ್' ಎನ್ನುತ್ತಾರಲ್ಲ, ಜೊತೆ ಕಾರ್ಯದರ್ಶಿ ಎಂದರೆ ಅದೇ. ಆ ಚೌಥಿ ಸೀಟು ಭಾವನಿಗೆ ಬಂತು. ಅವರಿಗೆ ಕೋಶಾಧಿಕಾರಿ ಆಗಬೇಕಿತ್ತು. ಕೋಶದಲ್ಲಿ ಆಗ ಇದ್ದದ್ದು ಅಣ್ಣ ಕೊಟ್ಟ ಐನೂರೊಂದು ರೂಪಾಯಿ. ಆದರೂ ಮ್ಯಾನೇಜರು ಬಿಟ್ಟುಕೊಡಲಿಲ್ಲ, ಭಾವ ಮರೆಯಲಿಲ್ಲ. ಭಾವ ಮಾಸ್ತರರಿಗೆ ಫೋನು ಮಾಡಿ, ಮ್ಯಾನೇಜರು ಒಂದು ಕತೆಯನ್ನೂ ಓದಿಲ್ಲ ಎಂದರಂತೆ. ಮಾಸ್ತರರು ಅಣ್ಣನಿಗೆ. ಅಣ್ಣ ನನಗೆ. ನಾನು ಯಾರಿಗೂ ಹೇಳಬಾರದು ಎಂದುಕೊಂಡು ಹೆಂಡತಿಗೆ. ಅಷ್ಟರಲ್ಲಿ ಮ್ಯಾನೇಜರು ನನ್ನ ಮೇಲೆಯೇ ಒಂದು ಆಂತರಿಕ ವಿಚಾರಣೆ ಆಗಬೇಕು ಎಂದು ಬರೆದು ಕಳಿಸಿದರು. ಲೆಟರ್‌ಹೆಡ್ಡಿನ ಮುದ್ರಣಕ್ಕೆ ಮೂರು ಕೊಟೇಶನ್ ಯಾಕೆ ತರಿಸಲಿಲ್ಲ? ನನ್ನ ಬೆನ್ನ ಹಿಂದೆ ಯಾರೋ ಏನೋ ಮಾಡುತ್ತಿದ್ದಾರೆ, ಯಾರು, ಯಾಕೆ ಎಂದು ಹಾಸಿಗೆಯಲ್ಲಿ ಹೊರಳಾಡುತ್ತಿದ್ದಾಗ ಕತ್ತಲೆಯಲ್ಲಿ ಹೆಂಡತಿಯ ಧ್ವನಿ ಕೇಳಿತು. "ನಾಗಪ್ಪನೋರೆ, ಮಲಕಳಿ."

ಈ ಬಿಸಿ ಆರಲಿ ಎಂದೇ ಬಾಂದ್ರಾ ಯಾತ್ರೆ ಇಟ್ಟುಕೊಂಡದ್ದು. ಚಿತ್ತಾಲರು ಬಹಳ ವರ್ಷ ಇದ್ದದ್ದು ಬ್ಯಾಂಡ್‌ಸ್ಟ್ಯಾಂಡಿನಲ್ಲಿ, ಸಮುದ್ರದ ಎದುರು. ಆಗಸ್ಟ್ 3 ಅವರ ಜನ್ಮದಿನ, ಅದಕ್ಕೆ ಹತ್ತಿರದ ಒಂದು ಭಾನುವಾರ ಆ ಕಡಲು ನೋಡಿಕೊಂಡು ಒಂದು ಕತೆ ಗಟ್ಟಿಯಾಗಿ ಓದಿ ಬರುವುದು ಎಂದು ನಿಶ್ಚಯ. ಭಾನುವಾರ ಎಂದರೆ ಹಳಿ ದುರಸ್ತಿಗೆ ಲೋಕಲ್ ಗಾಡಿ ತಡೆಯುವ ಮೆಗಾ ಬ್ಲಾಕ್ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯೋಜನೆ ಮುಂಬೈಯಲ್ಲಿ ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸಿದ ಹಾಗೆ. ಹತ್ತು ಗಂಟೆಗೆ ಸೇರಬೇಕಿದ್ದವರು ಹನ್ನೆರಡೂವರೆಗೆ ಸೇರಿದೆವು. ಮಾಸ್ತರರು ದಾದರಿನಲ್ಲಿ ಗಾಡಿ ಬದಲಿಸುವಾಗ ಒಂದು ಚಪ್ಪಲಿ ಕಳೆದುಕೊಂಡಿದ್ದರು.

ಹೋಗಿ ನೋಡಿದರೆ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಜನವೋ ಜನ. ಮಳೆಯಲ್ಲೂ ಕೊಡೆ ಹಿಡಿದು, ಫೋನು ಎತ್ತಿ ಹಿಡಿದು, ಒಂದೇ ಕಡೆ ಮುಖ ಮಾಡಿ ನಿಂತಿದ್ದಾರೆ. ಒಂದು ಕ್ಷಣ, ಒಂದೇ ಒಂದು ಕ್ಷಣ, ನನ್ನ ಎದೆ ತುಂಬಿಬಂತು. ಆಮೇಲೆ ನೆನಪಾಯಿತು, ಶಾರುಖ್ ಖಾನನ 'ಮನ್ನತ್' ಇರುವುದೂ ಅದೇ ರಸ್ತೆಯಲ್ಲಿ. ಅವರೆಲ್ಲ ಅತ್ತ ನೋಡುತ್ತಿದ್ದರು, ನಾವು ಆರು ಜನ ಇತ್ತ. ಎಲ್ಲರೂ ಒಂದು ಕಡೆ ನೋಡುವಾಗ ಆರು ಜನ ಇನ್ನೊಂದು ಕಡೆ ನೋಡಿದರೆ ಸಂಶಯ ಬರುವುದು ಸಹಜ. ಒಂದು ಕಟ್ಟಡದ ವಾಚ್‌ಮನ್ ಬಂದು, "ಕಿಸ್ಕೋ ಮಿಲ್ನಾ ಹೈ?" ಎಂದ. ಅಣ್ಣ ವಿನಯದಿಂದ, "ಯಹಾಂ ಏಕ್ ರೈಟರ್ ರಹತೇ ಥೇ" ಎಂದರು. ವಾಚ್‌ಮನ್ನನ ಮುಖ ಅರಳಿತು. "ರೈಟರ್? ಸಲೀಂ ಸಾಬ್? ವೋ ಗ್ಯಾಲಕ್ಸಿ ತೋ ಪೀಛೇ ರಹ್ ಗಯಾ!" ಸಲ್ಮಾನ್ ಖಾನನ ತಂದೆ ಸಲೀಂ ಖಾನ್, 'ಶೋಲೆ' ಬರೆದವರು. ಅವನ ತಪ್ಪೇನಿಲ್ಲ. ಆ ರಸ್ತೆಯಲ್ಲಿ ರೈಟರ್ ಎಂದರೆ ಒಬ್ಬರೇ.

ಕತೆ ಓದಲಿಕ್ಕೆ ಬಂಡೆಗಳ ಮೇಲೆ ಜಾಗ ಹುಡುಕಿದೆವು. ಪ್ರತಿ ಬಂಡೆಗೂ ಒಂದು ಕೊಡೆ, ಪ್ರತಿ ಕೊಡೆಯ ಕೆಳಗೂ ಒಂದು ಜೋಡಿ. ಕೊನೆಗೆ ಭುಟ್ಟಾ ಸುಡುವವನ ಪಕ್ಕ ನಿಂತು ಮಾಸ್ತರರು, ಒಂದೇ ಚಪ್ಪಲಿಯಲ್ಲಿ, ಪುಸ್ತಕ ತೆರೆದರು. ಮೊದಲ ಪ್ಯಾರಾ ಮುಗಿಯುವಷ್ಟರಲ್ಲಿ ಅತ್ತ ದೊಡ್ಡ ಬೊಬ್ಬೆ ಎದ್ದಿತು. ಬಾಲ್ಕನಿಯಲ್ಲಿ ಯಾರೋ ಕಂಡರಂತೆ. ನಮ್ಮ ಭಾವ ಅತ್ತ ಓಡಿದರು. ಅವರ ಹಿಂದೆ, ಭಾವನನ್ನು ಕರೆತರುತ್ತೇನೆ ಎಂದು ಮ್ಯಾನೇಜರೂ ಓಡಿದರು. ಇಬ್ಬರೂ ಮುಕ್ಕಾಲು ಗಂಟೆ ಬಿಟ್ಟು ಹೆಗಲ ಮೇಲೆ ಕೈ ಹಾಕಿಕೊಂಡು ಬಂದರು. ಕಂಡದ್ದು ಕೆಲಸದವನಂತೆ, ಪರದೆ ಸರಿಸಲು ಬಂದಿದ್ದನಂತೆ. ಆದರೂ ಕೋಶಾಧಿಕಾರಿಗೂ ಜೊತೆ ಕಾರ್ಯದರ್ಶಿಗೂ ಅಂದಿನಿಂದ ಮಾತುಕತೆ ಶುರುವಾಗಿದೆ. ಸಂಘಟನೆಯ ಮಟ್ಟಿಗೆ ಅದೊಂದು ಲಾಭ ಎಂದು ನಾನು ಠರಾವು ಪುಸ್ತಕದಲ್ಲಿ ಬರೆದೆ.

ಅಷ್ಟು ಹೊತ್ತೂ ಆ ಹುಡುಗಿ ಮಾತ್ರ ಕದಲಲಿಲ್ಲ. ಮಾಸ್ತರರ ಕೈಯ ಪುಸ್ತಕಕ್ಕೆ ಬಗ್ಗಿ, ಬೆರಳಿಟ್ಟು, "ಇದು ಹ, ಇದು ನೇ... ಹನೇ... ಹನೇಹಳ್ಳಿ!" ಎಂದು ಕೂಗಿಕೊಂಡಳು. ಭುಟ್ಟಾದವನು ಬೆಚ್ಚಿ ತಿರುಗಿ ನೋಡಿದ.

ಏಳನೆಯವರನ್ನು ಹುಡುಕುವುದನ್ನು ನಾನು ಆಮೇಲೆ ಕೈಬಿಟ್ಟೆ ಎನ್ನಲಾರೆ, ಮುಂದಕ್ಕೆ ಹಾಕಿದೆ. ಅಷ್ಟರಲ್ಲಿ ಹೆಂಡತಿಯ ಮಾತು ಎಲ್ಲೋ ಚುಚ್ಚಿತ್ತು. ಒಂದು ಸೋಮವಾರ ಬೆಳಿಗ್ಗೆ ಅವಳ ಕಪಾಟಿನಿಂದ 'ಶಿಕಾರಿ' ತೆಗೆದು ಟಿಫಿನ್ ಡಬ್ಬಿಯ ಜೊತೆ ಬ್ಯಾಗಿಗೆ ಹಾಕಿಕೊಂಡೆ. ಡೊಂಬಿವಲಿಯಿಂದ ವಿ.ಟಿ.ಗೆ ಹೋಗುವ ಫಾಸ್ಟ್ ಗಾಡಿ. ಹೆಸರು ಬದಲಾಗಿ ಎಷ್ಟೋ ವರ್ಷವಾಯಿತು, ನಮ್ಮ ಬಾಯಲ್ಲಿ ಇನ್ನೂ ವಿ.ಟಿ. ಒಂದು ಮೂಲೆಯಲ್ಲಿ ಭಜನೆಯವರು ತಾಳ ಕುಟ್ಟುತ್ತಿದ್ದರು, ಇನ್ನೊಂದು ಕಡೆ ಬ್ರೀಫ್‌ಕೇಸಿನ ಮೇಲೆ ಇಸ್ಪೀಟು. ಅವರದ್ದೂ ಮಂಡಳಿಯೇ. ಅಧ್ಯಕ್ಷರಿಲ್ಲ, ಆಡಿಟ್ಟಿಲ್ಲ, ಮೂವತ್ತು ವರ್ಷದಿಂದ ನಡೆದಿದೆ. ನಾನು ಬಾಗಿಲಿಗೂ ಸೀಟಿಗೂ ನಡುವಿನ ಜಾಗದಲ್ಲಿ, ಮೂರು ಮೊಣಕೈಗಳ ಆಧಾರದಲ್ಲಿ ನಿಂತು, ಪುಸ್ತಕವನ್ನು ಮುಖಕ್ಕೆ ಅಂಟಿಸಿಕೊಂಡಂತೆ ಹಿಡಿದು ಓದತೊಡಗಿದೆ. ಥಾಣೆ ಬಂದದ್ದು ಗೊತ್ತಾಗಲಿಲ್ಲ. ಜನ ಇಳಿದದ್ದು, ಅದರ ಎರಡರಷ್ಟು ಹತ್ತಿದ್ದು, ಯಾರದೋ ಟಿಫಿನ್ನು ನನ್ನ ಬೆನ್ನಿಗೆ ಒತ್ತಿದ್ದು, ಇಷ್ಟು ಮಾತ್ರ ಗೊತ್ತಾಯಿತು.

ಪುಟ ತಿರುಗಿಸಲು ಹೆಬ್ಬೆರಳು ಎತ್ತಿದೆ. ಕಿವಿಯ ಪಕ್ಕದಲ್ಲೇ, ನನ್ನ ಹೆಗಲಿಗೆ ಗದ್ದ ಊರಿದಷ್ಟು ಹತ್ತಿರದಿಂದ, ಒಂದು ಧ್ವನಿ.

"ಸ್ವಲ್ಪ ನಿಲ್ಲಿ ಮಾರಾಯ್ರೆ. ಇನ್ನೂ ಎರಡು ಸಾಲು ಉಂಟು."

ತಿರುಗಿ ನೋಡೋಣವೆಂದರೆ ಕತ್ತು ಹೊರಳಿಸಲು ಜಾಗವಿಲ್ಲ. ಕಂಡದ್ದು ಕಂಬ ಹಿಡಿದ ಒಂದು ಕೈ ಮಾತ್ರ, ಮಣಿಕಟ್ಟಿನಲ್ಲಿ ಹಳೆಯ ಎಚ್.ಎಂ.ಟಿ. ಗಡಿಯಾರ. ನಿಮ್ಮ ಹೆಸರೇನು, ಎಲ್ಲಿರುವುದು, ಏಳನೆಯ ಸಹಿ ಒಂದು ಬೇಕಾಗಿತ್ತು ಎಂದು ಕೇಳಲು ಬಾಯಿಯವರೆಗೆ ಬಂತು. ಓದುವವರನ್ನು ಮಾತಾಡಿಸಬಾರದು ಎಂದು ಸುಮ್ಮನಾದೆ.

"ಹ್ಞಾಂ, ಈಗ ತಿರುಗಿಸಿ" ಎಂದಿತು ಧ್ವನಿ.

ಹಾಗೆ ಹನ್ನೊಂದು ಪುಟ ಓದಿದೆವು. ಘಾಟ್ಕೋಪರಿನಲ್ಲಿ ಗಾಡಿ ನಿಂತಾಗ ಕಂಬದ ಮೇಲಿನ ಕೈ ಹೋಗಿತ್ತು. ನನ್ನದು ಆ ಪುಟ ಆಗಲೇ ಓದಿ ಮುಗಿದಿತ್ತು. ಆದರೂ ಕುರ್ಲಾ ದಾಟುವವರೆಗೆ ನಾನು ಹೆಬ್ಬೆರಳು ಎತ್ತಲಿಲ್ಲ.